ಫೋನಿನಲ್ಲಿ ಪುಟ್ಟ ಜೀವಿಗಳ ಸಮೀಪಚಿತ್ರ: ಹತ್ತಿರ ಹೋದಷ್ಟೂ ಮಸುಕಾಗುವುದೇಕೆ?

ಪ್ರಶ್ನೆ

ಕೆಲವು ತಿಂಗಳುಗಳಿಂದ ಫೋನಿನಲ್ಲೇ ಹೂವು, ಚಿಟ್ಟೆ, ಇರುವೆ, ಜೇಡಗಳ ಸಮೀಪಚಿತ್ರ ತೆಗೆಯುವ ಅಭ್ಯಾಸ ಮಾಡುತ್ತಿದ್ದೇನೆ. ಹೂವು ಮತ್ತು ಎಲೆಗಳ ಚಿತ್ರಗಳು ಒಂದು ಮಟ್ಟಕ್ಕೆ ಬರುತ್ತಿವೆ. ಆದರೆ ಗೋಡೆಯ ಮೇಲೆ ದಿನವೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬಿಸಿಲಿಗೆ ಬಂದು ಕೂರುವ ಜಿಗಿಯುವ ಜೇಡವೊಂದಿದೆ. ಕಾಲುಗಳನ್ನು ಬಿಟ್ಟರೆ ಅದರ ಮೈ ಐದು ಮಿಲಿಮೀಟರಿಗಿಂತ ಹೆಚ್ಚಿಲ್ಲ. ನಾನು ಹತ್ತಿರ ಹೋದಾಗ ಅದು ಓಡಿಹೋಗುವುದಿಲ್ಲ, ತಿರುಗಿ ನನ್ನನ್ನೇ ನೋಡುತ್ತದೆ. ಆ ನೋಟವನ್ನು, ಮುಂದಿನ ಆ ಎರಡು ದೊಡ್ಡ ಕಣ್ಣುಗಳನ್ನು, ಒಂದು ಚಿತ್ರದಲ್ಲಾದರೂ ಸ್ಪಷ್ಟವಾಗಿ ಹಿಡಿಯಬೇಕೆಂಬ ಆಸೆ ನನ್ನದು. ನೂರಾರು ಸಲ ಪ್ರಯತ್ನಿಸಿದರೂ ಸಾಧ್ಯವಾಗಿಲ್ಲ.

ತೊಂದರೆಗಳು ಹೀಗಿವೆ. ಫೋನನ್ನು ಜೇಡದ ಹತ್ತಿರ ಒಯ್ಯುತ್ತಿದ್ದಂತೆ ಪರದೆಯ ಮೇಲಿನ ಚಿತ್ರ ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಿದಂತಾಗಿ ಬಣ್ಣವೂ ಬದಲಾಗುತ್ತದೆ, ಆಮೇಲೆ ತೆಗೆದದ್ದೆಲ್ಲ ಬಣ್ಣ ಬಳಿದಂತೆ ಕಾಣುತ್ತದೆ. ಇನ್ನೂ ಹತ್ತಿರ ಹೋದರೆ ಫೋನಿನ ನೆರಳೇ ಜೇಡದ ಮೇಲೆ ಬೀಳುತ್ತದೆ. ಅಪರೂಪಕ್ಕೆ ಫೋಕಸ್ ಕೂಡಿಬಂದರೂ ಹಿಂಗಾಲುಗಳು ಸ್ಪಷ್ಟವಾಗಿದ್ದು ಕಣ್ಣುಗಳು ಮಸುಕಾಗಿರುತ್ತವೆ. ನನ್ನ ಹಳೆಯ ಫೋನಿನಲ್ಲಿ ಮ್ಯಾಕ್ರೊ ಎಂದೇ ಹೆಸರಿಟ್ಟಿದ್ದ 2 ಮೆಗಾಪಿಕ್ಸೆಲ್‌ನ ಪ್ರತ್ಯೇಕ ಕ್ಯಾಮೆರಾ ಇತ್ತು; ಅದರಿಂದಲೂ ಪ್ರಯೋಜನವಾಗಲಿಲ್ಲ.

ಫೋನಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಕೊಂಡರೆ ಇದಕ್ಕೆ ಪರಿಹಾರ ಸಿಗಬಹುದೇ? ಅಥವಾ ಸಣ್ಣ ಕಾಂಪ್ಯಾಕ್ಟ್ ಕ್ಯಾಮೆರಾ ಬೇಕಾಗುತ್ತದೆಯೇ? ಲೆನ್ಸ್ ಬದಲಾಯಿಸುವ ದೊಡ್ಡ ಕ್ಯಾಮೆರಾವನ್ನು ಹೊತ್ತು ತಿರುಗುವ ಯೋಚನೆ ನನಗಿಲ್ಲವಾದ್ದರಿಂದ ದಯವಿಟ್ಟು ಈ ಮಿತಿಯೊಳಗೇ ಸಲಹೆ ಕೊಡಬೇಕಾಗಿ ವಿನಂತಿ.

ಉತ್ತರ 1

ಹತ್ತಿರ ಹೋದಾಗ ಚಿತ್ರ ಪಕ್ಕಕ್ಕೆ ಸರಿದು ಬಣ್ಣ ಬದಲಾಗುವುದಕ್ಕೆ ಕಾರಣ, ಫೋನು ತಾನಾಗಿಯೇ ಒಂದು ಕ್ಯಾಮೆರಾವನ್ನು ಬಿಟ್ಟು ಇನ್ನೊಂದನ್ನು ಬಳಸಲು ತೊಡಗಿರುವುದು. ವಸ್ತು ತೀರ ಸಮೀಪದಲ್ಲಿದೆ ಎಂದು ತಿಳಿದ ಕೂಡಲೇ ಅನೇಕ ಫೋನುಗಳು ಮುಖ್ಯ ಕ್ಯಾಮೆರಾದಿಂದ, ಹೆಚ್ಚು ಅಗಲದ ದೃಶ್ಯ ಹಿಡಿಯುವ ಅಲ್ಟ್ರಾವೈಡ್ ಕ್ಯಾಮೆರಾಕ್ಕೆ ಹೋಗುತ್ತವೆ. 2021ರ ಐಫೋನ್ 13 ಪ್ರೊದಲ್ಲಿ ಅಲ್ಟ್ರಾವೈಡ್ ಕ್ಯಾಮೆರಾ 2 ಸೆಂಟಿಮೀಟರ್ ದೂರದವರೆಗೂ, 2022ರ ಪಿಕ್ಸೆಲ್ 7 ಪ್ರೊದಲ್ಲಿ 3 ಸೆಂಟಿಮೀಟರ್‌ವರೆಗೂ ಫೋಕಸ್ ಆಗುತ್ತದೆ. ಅಲ್ಟ್ರಾವೈಡ್‌ನ ವಿಶಾಲವಾದ ದೃಶ್ಯದಲ್ಲಿ ನಡುವಿನ ಭಾಗವನ್ನಷ್ಟೇ ಕತ್ತರಿಸಿ ಹಿಗ್ಗಿಸಿ ತೋರಿಸುವುದರಿಂದ ಮತ್ತು ಅದರ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಮುಖ್ಯ ಕ್ಯಾಮೆರಾದ್ದಕ್ಕಿಂತ ಸಾಮಾನ್ಯವಾಗಿ ಚಿಕ್ಕದಾಗಿರುವುದರಿಂದ ನೀವು ಹೇಳಿದ ಬಣ್ಣ ಬಳಿದಂಥ ನೋಟ ಬರುತ್ತದೆ. ಪರೀಕ್ಷಿಸುವುದು ಸುಲಭ. ಚಿತ್ರ ತೆಗೆಯುವ ಸ್ಥಿತಿಯಲ್ಲೇ ಹಿಂದಿನ ಲೆನ್ಸ್‌ಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ ನೋಡಿ. ಯಾವುದನ್ನು ಮುಚ್ಚಿದಾಗ ಪರದೆ ಕಪ್ಪಾಗುತ್ತದೆಯೋ ಅದೇ ಕೆಲಸ ಮಾಡುತ್ತಿರುವ ಕ್ಯಾಮೆರಾ.

ಮುಖ್ಯ ಕ್ಯಾಮೆರಾ ಯಾಕೆ ಹತ್ತಿರ ಫೋಕಸ್ ಮಾಡಲಾರದು ಎಂಬುದನ್ನೂ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಮುಂದಿನ ಆಯ್ಕೆಗಳೆಲ್ಲ ಅದನ್ನೇ ಅವಲಂಬಿಸಿವೆ. ವಸ್ತು ಸಮೀಪ ಬಂದಷ್ಟೂ ಲೆನ್ಸು ಸೆನ್ಸರಿನಿಂದ ಮುಂದಕ್ಕೆ ಸರಿಯಬೇಕು. ಮುಖ್ಯ ಲೆನ್ಸಿನ ನಾಭಿದೂರ (ಬಹುದೂರದ ವಸ್ತುವಿನ ಬೆಳಕನ್ನು ಲೆನ್ಸು ಒಂದು ಬಿಂದುವಿಗೆ ಕೂಡಿಸುವ ದೂರ) ಸುಮಾರು 7 ಮಿ.ಮೀ. ಎಂದಿಟ್ಟುಕೊಂಡರೆ, 10 ಸೆಂ.ಮೀ. ದೂರದ ವಸ್ತುವಿಗೆ ಅದು ಅರ್ಧ ಮಿಲಿಮೀಟರಿನಷ್ಟು ಸರಿದರೆ ಸಾಕು, 3 ಸೆಂ.ಮೀ. ದೂರದ ವಸ್ತುವಿಗಾದರೆ ಎರಡು ಮಿಲಿಮೀಟರಿಗಿಂತ ಹೆಚ್ಚು ಸರಿಯಬೇಕಾಗುತ್ತದೆ. ತೆಳುವಾದ ಫೋನಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು? ಅಲ್ಟ್ರಾವೈಡ್ ಲೆನ್ಸಿನ ನಾಭಿದೂರ ಎರಡು ಮಿಲಿಮೀಟರಿನ ಆಸುಪಾಸಿನಲ್ಲಿ ಇರುವುದರಿಂದ, 2 ಸೆಂ.ಮೀ. ದೂರಕ್ಕೂ ಕಾಲು ಮಿಲಿಮೀಟರಿನಷ್ಟು ಚಲನೆ ಸಾಕಾಗುತ್ತದೆ. ನಿಮ್ಮ ಹಳೆಯ ಫೋನಿನ ಮ್ಯಾಕ್ರೊ ಕ್ಯಾಮೆರಾದ ತೊಂದರೆ ಬೇರೆ. ಅಂಥವುಗಳಲ್ಲಿ ಹೆಚ್ಚಿನವು ಒಂದೇ ದೂರಕ್ಕೆ, ಸಾಮಾನ್ಯವಾಗಿ 4 ಸೆಂ.ಮೀ. ಹತ್ತಿರಕ್ಕೆ, ಫೋಕಸ್ ಕೂರಿಸಿಟ್ಟವು. ದೂರ ತುಸು ತಪ್ಪಿದರೂ ಚಿತ್ರ ಮಸುಕಾಗುತ್ತದೆ, ಸರಿಯಾದರೂ 2 ಮೆಗಾಪಿಕ್ಸೆಲ್‌ನಲ್ಲಿ ವಿವರ ಉಳಿಯುವುದಿಲ್ಲ.

ಈಗ ಕ್ಲಿಪ್ ಲೆನ್ಸಿನ ವಿಚಾರ. ಹೂವಿಗಾಗಲಿ ಚಿಟ್ಟೆಗಾಗಲಿ ಅದು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಮೇಲೆ ಹೇಳಿದ ಮುಖ್ಯ ಕ್ಯಾಮೆರಾವನ್ನು 10 ಸೆಂ.ಮೀ. ದೂರದಲ್ಲಿ ಹಿಡಿದರೆ ಚೌಕಟ್ಟಿನ ಅಗಲಕ್ಕೆ ಸುಮಾರು 13 ಸೆಂ.ಮೀ. ಜಾಗ ಹಿಡಿಸುತ್ತದೆ, ಐದು ಸೆಂಟಿಮೀಟರ್ ರೆಕ್ಕೆ ಹರಡಿಕೊಂಡ ಚಿಟ್ಟೆಗೆ ಇದು ಧಾರಾಳವಾಯಿತು. ನಿಮ್ಮ ಜೇಡದ ಲೆಕ್ಕ ಹಾಗಲ್ಲ. 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಐದು ಮಿಲಿಮೀಟರಿನ ಜೇಡಕ್ಕೆ ಸಿಗುವುದು ಕೇವಲ 150 ಪಿಕ್ಸೆಲ್. ಅಷ್ಟರಲ್ಲಿ ಕಣ್ಣಿನ ಹೊಳಪು ಮೂಡುವುದು ಅಸಾಧ್ಯ. 10 ಪಟ್ಟು ಎಂದು ಬರೆದಿರುವ ಕ್ಲಿಪ್ ಲೆನ್ಸಿನ ನಾಭಿದೂರ ಸಾಮಾನ್ಯವಾಗಿ 25 ಮಿ.ಮೀ. ಆಗಿರುತ್ತದೆ. ಅದನ್ನು ಸಿಕ್ಕಿಸಿದರೆ ಚೌಕಟ್ಟಿನ ಅಗಲ ಸುಮಾರು ಮೂರೂವರೆ ಸೆಂಟಿಮೀಟರಿಗೆ ಇಳಿದು, ಅದೇ ಜೇಡಕ್ಕೆ 550ಕ್ಕಿಂತ ಹೆಚ್ಚು ಪಿಕ್ಸೆಲ್ ಸಿಗುತ್ತವೆ. ಆದ್ದರಿಂದ ಜೇಡಕ್ಕಾಗಿ ಮಾತ್ರ ಕ್ಲಿಪ್ ಲೆನ್ಸ್ ಕೊಳ್ಳಿ ಎಂದು ಹೇಳುತ್ತೇನೆ. ಪ್ಲಾಸ್ಟಿಕ್ಕಿನದು ಬೇಡ, ಗಾಜಿನದಿರಲಿ. ಒಂದೇ ಗಾಜಿನ ಬದಲು ಎರಡು ಗಾಜುಗಳನ್ನು ಜೋಡಿಸಿದ್ದಾದರೆ ಅಂಚುಗಳಲ್ಲಿ ನೇರಳೆ ಮತ್ತು ಹಸಿರು ಗೆರೆಗಳು ಕಡಿಮೆಯಾಗುತ್ತವೆ. ಫೋನಿನ ಕವಚವನ್ನು ತೆಗೆದು, ಮುಖ್ಯ ಲೆನ್ಸಿನ ನಡುವಿಗೆ ಸರಿಯಾಗಿ ಕೂರಿಸಿ. ಸ್ವಯಂಚಾಲಿತ ಮ್ಯಾಕ್ರೊ ಬದಲಾವಣೆಯನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸುವುದನ್ನು ಮರೆಯಬೇಡಿ. ಇಲ್ಲವಾದರೆ ಲೆನ್ಸನ್ನು ಒಂದರ ಮೇಲೆ ಕೂರಿಸಿರುತ್ತೀರಿ, ಫೋನು ಇನ್ನೊಂದರಿಂದ ಚಿತ್ರ ತೆಗೆಯುತ್ತಿರುತ್ತದೆ.

ಉತ್ತರ 2

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಆದರೂ ಲೆನ್ಸ್ ಕೊಳ್ಳುವ ಮೊದಲು ಬೆಳಕನ್ನು ಸರಿಮಾಡಿಕೊಳ್ಳಿ ಎಂದು ಒತ್ತಿ ಹೇಳಬಯಸುತ್ತೇನೆ, ಏಕೆಂದರೆ ನೀವು ವಿವರಿಸಿದ ಚಿತ್ರಗಳು ಕೆಡುತ್ತಿರುವುದಕ್ಕೆ ಲೆನ್ಸಿನಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಬೆಳಕಿನ ಕೊರತೆ ಕಾರಣವಾಗಿದೆ.

ಹೆಚ್ಚಿನ ಫೋನುಗಳಲ್ಲಿ ಲೆನ್ಸಿನ ರಂಧ್ರ ಸ್ಥಿರವಾಗಿರುತ್ತದೆ. ಬೆಳಕು ಕಡಿಮೆಯಾದಾಗ ಶಟರ್ ವೇಗವನ್ನು ಇಳಿಸುವುದು, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) ಏರಿಸುವುದು, ಇವೆರಡೇ ದಾರಿ ಅದಕ್ಕಿವೆ. ಫೋನಿನ ನೆರಳು ಜೇಡದ ಮೇಲೆ ಬಿದ್ದಾಗ ಈ ಎರಡೂ ಒಟ್ಟಿಗೆ ಆಗುತ್ತವೆ. ಮೂರೂವರೆ ಸೆಂಟಿಮೀಟರ್ ಅಗಲದ ಚೌಕಟ್ಟಿನಲ್ಲಿ ನಿಮ್ಮ ಕೈ ಒಂದು ಮಿಲಿಮೀಟರ್ ನಡುಗಿದರೆ ಚಿತ್ರ ನೂರಕ್ಕೂ ಹೆಚ್ಚು ಪಿಕ್ಸೆಲ್ ಸರಿದಂತೆ. ಏರಿದ ಐಎಸ್‌ಒದಿಂದ ಬರುವ ಕಾಳುಕಾಳನ್ನು ಅಳಿಸಲು ಫೋನಿನ ತಂತ್ರಾಂಶ ಚಿತ್ರವನ್ನು ನಯಗೊಳಿಸುತ್ತದೆ, ಹಾಗೆ ಮಾಡುವಾಗ ಜೇಡದ ಮುಖದ ರೋಮಗಳೂ ಅಳಿಸಿಹೋಗುತ್ತವೆ. ಹತ್ತಿರದ ವಸ್ತುಗಳಿಗೆ ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ನಿಧಾನವಾಗದಂತೆ ನಾನು ನೋಡಿಕೊಳ್ಳುತ್ತೇನೆ.

ಹಾಗೆಂದು ನೇರ ಬಿಸಿಲೂ ಒಳ್ಳೆಯದಲ್ಲ. ಹೊಳೆಯುವ ಮೈಯಲ್ಲಿ ಬಿಳಿ ಮಚ್ಚೆಗಳೂ ಹೊಟ್ಟೆಯ ಕೆಳಗೆ ಕಡುಗಪ್ಪೂ ಉಳಿಯುತ್ತವೆ. ಒಂದು ಹಾಳೆ ಟ್ರೇಸಿಂಗ್ ಪೇಪರನ್ನು ಬಿಸಿಲಿಗೂ ಜೇಡಕ್ಕೂ ನಡುವೆ ಹಿಡಿಯಿರಿ. ಜೇಡದಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಹಿಡಿದ ಹಾಳೆ ಐದು ಮಿಲಿಮೀಟರಿನ ಜೀವಿಯ ಪಾಲಿಗೆ ಮೋಡ ಕವಿದ ಇಡೀ ಆಕಾಶವಿದ್ದಂತೆ. ಬೆಳಕು ಎಲ್ಲ ಕಡೆಯಿಂದ ಮೃದುವಾಗಿ ಬರುತ್ತದೆ. ಎದುರು ಬದಿಯಲ್ಲಿ ಬಿಳಿ ರಟ್ಟಿನ ತುಂಡೊಂದನ್ನು ಒರಗಿಸಿಟ್ಟರೆ ನೆರಳಿನ ಭಾಗವೂ ತಿಳಿಯಾಗುತ್ತದೆ. ಫೋನಿನದೇ ಟಾರ್ಚನ್ನು ಉರಿಸಬೇಡಿ: ಅಷ್ಟು ಸಮೀಪದಲ್ಲಿ ಅದರ ಬೆಳಕಿಗೆ ಕ್ಲಿಪ್ ಲೆನ್ಸೇ ಅಡ್ಡವಾಗುತ್ತದೆ. ಬಿಸಿಲಿಲ್ಲದಿದ್ದರೆ ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ, ಅದೇ ಹಾಳೆಯ ಮೂಲಕ ಹಾಯಿಸಬಹುದು.

ಬೆಳಗಿನ ಹೊತ್ತನ್ನು ಬಿಡಬೇಡಿ. ಕೀಟಗಳ ಮೈಗೆ ತನ್ನದೇ ಸ್ಥಿರವಾದ ಬಿಸಿ ಇಲ್ಲದಿರುವುದರಿಂದ ಸೂರ್ಯ ಮೇಲೇರುವವರೆಗೆ ಅವು ನಿಧಾನವಾಗಿರುತ್ತವೆ, ಗಾಳಿಯೂ ಸಾಮಾನ್ಯವಾಗಿ ಕಡಿಮೆ. ಇಬ್ಬನಿ ಬಿದ್ದಿದ್ದರೆ ಜೇಡವನ್ನು ಸ್ವಲ್ಪ ಹೊತ್ತು ಮರೆತು ಒಂದು ಹುಲ್ಲೆಸಳಿನ ತುದಿಯ ಹನಿಯನ್ನು ನೋಡಿ. ಆ ಹನಿಯೇ ಒಂದು ಲೆನ್ಸ್. ಹಿಂದಿರುವ ಹೂವು ಅದರೊಳಗೆ ತಲೆಕೆಳಗಾಗಿ, ಪೂರ್ಣವಾಗಿ, ಸಾಸಿವೆಯಷ್ಟು ಚಿಕ್ಕದಾಗಿ ಕಾಣುತ್ತದೆ. ಹನಿಯ ಹೊರಮೈಗೆ ಫೋಕಸ್ ಮಾಡಿದರೆ ಹೂವು ಮಸುಕಾಗುತ್ತದೆ, ಒಳಗಿನ ಹೂವಿಗೆ ಮಾಡಿದರೆ ಹನಿಯ ಅಂಚು ಮೆದುವಾಗುತ್ತದೆ. ಈ ಎರಡರ ನಡುವೆ ಫೋನನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುವುದನ್ನು ಕಲಿತ ಕೈಗೆ ಜೇಡದ ಕಣ್ಣು ಅಷ್ಟೇನೂ ಕಷ್ಟವಾಗುವುದಿಲ್ಲ. ಹನಿ ಓಡಿಹೋಗುವುದಿಲ್ಲವಾದ್ದರಿಂದ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ.

ಉತ್ತರ 3

ಕಾಂಪ್ಯಾಕ್ಟ್ ಕ್ಯಾಮೆರಾದ ಬಗ್ಗೆ ಕೇಳಿದ್ದೀರಿ, ಅದನ್ನು ಯಾರೂ ಮುಟ್ಟಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಬಹುತೇಕ ಕಾಂಪ್ಯಾಕ್ಟ್ ಕ್ಯಾಮೆರಾಗಳಲ್ಲಿ ಹೂವಿನ ಗುರುತಿನ ಮ್ಯಾಕ್ರೊ ಸ್ಥಿತಿ ಇರುತ್ತದೆ. ಜೂಮ್ ಮಾಡದೆ ಇರುವಾಗ ಮಾತ್ರ ಅದು ಒಂದರಿಂದ ಐದು ಸೆಂಟಿಮೀಟರ್ ದೂರಕ್ಕೆ ಫೋಕಸ್ ಆಗುತ್ತದೆ ಎಂಬುದನ್ನು ಕೊಳ್ಳುವವರು ಗಮನಿಸುವುದಿಲ್ಲ. ಜೂಮ್ ಮಾಡಿದಂತೆ ಆ ಕನಿಷ್ಠ ದೂರ ಹೆಚ್ಚುತ್ತಾ ಹೋಗಿ, ಸಿಕ್ಕಿದ ಲಾಭವೆಲ್ಲ ಕೈತಪ್ಪುತ್ತದೆ. ಇದಕ್ಕೆ ಒಂದು ಅಪವಾದವೆಂದರೆ ಒಲಿಂಪಸ್ ಟಫ್ ಸರಣಿ: 2019ರ ಟಿಜಿ-6 ಮತ್ತು ಈಗ ಓಎಂ ಸಿಸ್ಟಮ್ ಹೆಸರಿನಲ್ಲಿ ಬರುವ 2023ರ ಟಿಜಿ-7. ಇವುಗಳ ಮೈಕ್ರೋಸ್ಕೋಪ್ ಸ್ಥಿತಿಯಲ್ಲಿ ಜೂಮ್ ಪೂರ್ತಿ ಹಿಗ್ಗಿಸಿದಾಗಲೂ ಲೆನ್ಸಿನ ಮುಂದೆ 1 ಸೆಂ.ಮೀ.ವರೆಗೆ ಫೋಕಸ್ ಆಗುತ್ತದೆ, ನಿಮ್ಮ ಜೇಡ ಚೌಕಟ್ಟಿನ ಬಹುಭಾಗವನ್ನು ತುಂಬುತ್ತದೆ. ಬೇರೆ ಬೇರೆ ಆಳಕ್ಕೆ ಫೋಕಸ್ ಮಾಡಿದ ಹಲವು ಚಿತ್ರಗಳನ್ನು ಕ್ಯಾಮೆರಾದೊಳಗೇ ಒಂದಾಗಿ ಬೆಸೆಯುವ ಸೌಲಭ್ಯವೂ ಇದೆ. ಆದರೆ ಒಂದು ಸೆಂಟಿಮೀಟರ್ ಎಂದರೆ ಒಂದು ಬೆರಳಿನ ದಪ್ಪ. ಕಲ್ಲುಹೂವು, ಹಾವಸೆ, ಅಣಬೆಯ ಅಡಿಯ ಮಡಿಕೆಗಳು, ಚಿಟ್ಟೆ ಇಟ್ಟುಹೋದ ಮೊಟ್ಟೆ, ಇವುಗಳಿಗೆ ಇದಕ್ಕಿಂತ ಹಗುರವಾದ, ನಂಬಿಕಸ್ಥ ಸಾಧನ ಸಿಗುವುದು ಕಷ್ಟ. ಓಡಾಡುವ ಜೀವಿಗೆ ಮಾತ್ರ ಬೆರಳಿನ ದಪ್ಪದ ದೂರ ತೀರ ಕಡಿಮೆ.

ಉದ್ದ ಜೂಮ್ ಇರುವ, ಮುಂಭಾಗದಲ್ಲಿ ಫಿಲ್ಟರ್ ಕೂರಿಸುವ ಥ್ರೆಡ್ ಇರುವ ಕ್ಯಾಮೆರಾ ನಿಮ್ಮಲ್ಲಿ ಅಥವಾ ಮನೆಯವರಲ್ಲಿ ಈಗಾಗಲೇ ಇದ್ದರೆ ಹೊಸದನ್ನು ಕೊಳ್ಳುವ ಅಗತ್ಯವೇ ಇಲ್ಲ. ರೇನಾಕ್ಸ್ ಡಿಸಿಆರ್-250 ಎಂಬ ಕ್ಲೋಸ್-ಅಪ್ ಲೆನ್ಸನ್ನು ಅದಕ್ಕೆ ಸಿಕ್ಕಿಸಬಹುದು. ಜೊತೆಗೆ ಬರುವ ಕ್ಲಿಪ್ಪು 52ರಿಂದ 67 ಮಿ.ಮೀ. ವ್ಯಾಸದ ಥ್ರೆಡ್‌ಗಳಿಗೆ ಹೊಂದುತ್ತದೆ. ಅದರ ಶಕ್ತಿ 8 ಡಯಾಪ್ಟರ್. ಒಂದು ಮೀಟರನ್ನು ಎಂಟರಿಂದ ಭಾಗಿಸಿದರೆ ಬರುವ ಹನ್ನೆರಡೂವರೆ ಸೆಂಟಿಮೀಟರೇ ಸುಮಾರಾಗಿ ನೀವು ನಿಲ್ಲಬೇಕಾದ ದೂರ. ಜೂಮ್ ಎಷ್ಟೇ ಹಿಗ್ಗಿಸಿದರೂ ಆ ದೂರ ಹೆಚ್ಚು ಬದಲಾಗದೆ, ದೊಡ್ಡದಾಗಿ ಕಾಣುವುದು ಮಾತ್ರ ಹೆಚ್ಚುತ್ತದೆ. ಒಂದು ಸೆಂಟಿಮೀಟರಿಗೂ ಹನ್ನೆರಡಕ್ಕೂ ಇರುವ ಈ ಅಂತರದಲ್ಲಿ ಬೆಳಕು ಬರಲು ಜಾಗವಿದೆ, ಜೀವಿಗೂ ನೆಮ್ಮದಿಯಿದೆ. ಇದರ ತಮ್ಮನಂತಿರುವ ಡಿಸಿಆರ್-150ರ ಶಕ್ತಿ 4.8 ಡಯಾಪ್ಟರ್, ಸುಮಾರು ಇಪ್ಪತ್ತೊಂದು ಸೆಂಟಿಮೀಟರ್ ದೂರದಿಂದ ತೆಗೆಯಬಹುದಾದ್ದರಿಂದ ಚಿಟ್ಟೆಗಳಿಗೆ ಅದು ಒಳ್ಳೆಯದು. ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಮುಂದೆ ಟ್ರೇಸಿಂಗ್ ಪೇಪರ್ ಕಟ್ಟಿದರೆ ಬೆಳಕಿನ ಸಮಸ್ಯೆಯೂ ಮುಗಿಯಿತು. ಹತ್ತಿರದ ವಸ್ತುವಿಗೆ ಫ್ಲ್ಯಾಶ್ ಬೆಳಗುವ ಅವಧಿ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆಯಿರುವುದರಿಂದ ಕೈನಡುಕವಾಗಲಿ ಗಾಳಿಯಾಗಲಿ ಚಿತ್ರದಲ್ಲಿ ಕಾಣುವುದಿಲ್ಲ. ಹೆಚ್ಚು ಆಳ ಸ್ಪಷ್ಟವಾಗಲೆಂದು ಲೆನ್ಸಿನ ರಂಧ್ರವನ್ನು ಎಫ್ 8ರಷ್ಟು ಕಿರಿದಾಗಿಸುವ ಆಸೆಯಾಗಬಹುದು. ಚಿಕ್ಕ ಸೆನ್ಸರಿನಲ್ಲಿ ಆಗ ಬೆಳಕು ಚದುರಿ ಇಡೀ ಚಿತ್ರವೇ ಮೆದುವಾಗುವುದರಿಂದ ಹಾಗೆ ಮಾಡದಿರುವುದು ಮೇಲು.

ಇನ್ನೊಂದು ಮಾತನ್ನು ಕೇಳದೆಯೇ ಹೇಳುತ್ತಿದ್ದೇನೆ, ಕ್ಷಮಿಸಿ. ಅಲುಗದಿರಲಿ ಎಂದು ಕೀಟಗಳನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿಸಿ ಚಿತ್ರ ತೆಗೆಯುವ ಸಲಹೆ ನಿಮಗೆ ಎಲ್ಲಾದರೂ ಸಿಗಬಹುದು. ದಯವಿಟ್ಟು ಅದನ್ನು ಮಾಡಬೇಡಿ. ಹಾಗೆ ತೆಗೆದ ಚಿತ್ರದಲ್ಲಿ ಕಾಲುಗಳು ಮೈಗೆ ಸೆಟೆದುಕೊಂಡು, ಜೀವವಿಲ್ಲದ ಭಂಗಿ ಕಂಡೇ ಕಾಣುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾವು ನೋಡಲು ಹೋಗಿರುವುದು ಅದು ಬದುಕುವ ರೀತಿಯನ್ನು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ಕ್ಯಾಮೆರಾವನ್ನು ಸದ್ಯಕ್ಕೆ ಬದಿಗಿಟ್ಟು, ಎರಡು ಗಾಜುಗಳ ಒಂದು ಕ್ಲಿಪ್ ಲೆನ್ಸನ್ನೂ ಟ್ರೇಸಿಂಗ್ ಪೇಪರನ್ನೂ ತಂದು ಹತ್ತು ದಿನ ಪ್ರಯತ್ನಿಸಿದೆ.

ಬೆರಳಿನಿಂದ ಮುಚ್ಚಿ ನೋಡಿದಾಗ ನನ್ನ ಫೋನು ನಿಜಕ್ಕೂ ಅಲ್ಟ್ರಾವೈಡ್‌ಗೆ ಹೋಗುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಪರದೆಯ ಜಿಗಿತ ನಿಂತಿತು. ಮೊದಲ ನಾಲ್ಕು ದಿನ ಹನಿಗಳ ಮೇಲೆ ಅಭ್ಯಾಸ ಮಾಡಿದೆ. ಪರದೆಯನ್ನು ಒತ್ತಿಹಿಡಿದು ಫೋಕಸನ್ನು ಒಂದು ದೂರಕ್ಕೆ ಬೀಗ ಹಾಕಿ, ಮುಂದೆ ಹಿಂದೆ ಸರಿಯುವುದನ್ನು ಕೈಯಿಂದಲ್ಲದೆ ಇಡೀ ಮೈಯಿಂದ ಮಾಡಿದರೆ ಹೆಚ್ಚು ಹಿಡಿತ ಸಿಗುತ್ತದೆ ಎಂಬುದು ನಾನೇ ಕಂಡುಕೊಂಡ ವಿಷಯ. ಐದನೆಯ ದಿನ ಜೇಡದ ಬಳಿ ಹೋಗಿ, ಮೊಣಕೈಯನ್ನು ಗೋಡೆಗೆ ಊರಿ, ಕಿರುಬೆರಳನ್ನು ಜೇಡದಿಂದ ಒಂದು ಗೇಣು ದೂರದಲ್ಲಿ ಗೋಡೆಗೆ ತಾಗಿಸಿಕೊಂಡು ಕಾದೆ. ಅದು ಎಂದಿನಂತೆ ತಿರುಗಿ ನೋಡಿತು. ಉಸಿರು ಬಿಡುತ್ತಾ ಮುಂದಕ್ಕೆ ವಾಲಿದಾಗ ಮೊದಲು ಮುಂಗಾಲಿನ ರೋಮಗಳು, ಆಮೇಲೆ ಕಣ್ಣುಗಳು, ಆಮೇಲೆ ಬೆನ್ನು ಒಂದಾದ ಮೇಲೊಂದರಂತೆ ಸ್ಪಷ್ಟವಾಗಿ ಮತ್ತೆ ಮಸುಕಾದವು. ಆ ಹೊತ್ತಿನಲ್ಲಿ ಗುಂಡಿಯನ್ನು ಒತ್ತಿಯೇ ಹಿಡಿದಿದ್ದೆ. ಬಂದ ನಲವತ್ತಮೂರು ಚಿತ್ರಗಳಲ್ಲಿ ಎರಡರಲ್ಲಿ ಕಣ್ಣುಗಳಿವೆ. ಕಣ್ಣಿನ ಕೆಳಗೆ ಬಿಳಿಯ ರೋಮಗಳ ಒಂದು ಸಾಲಿದೆ ಎಂಬುದು ಇಷ್ಟು ದಿನ ಅದನ್ನು ನೋಡಿದರೂ ನನಗೆ ತಿಳಿದಿರಲಿಲ್ಲ.

ಈಗ ಉಳಿದಿರುವುದು ಎರಡು ಸಂಶಯಗಳು. ಎರಡು ಕಣ್ಣುಗಳಲ್ಲಿ ಒಂದೊಂದರ ನಡುಭಾಗದಲ್ಲೂ ಚೌಕಾಕಾರದ ಒಂದು ಬಿಳಿ ಹೊಳಪು ಕಾಣುತ್ತಿದೆ, ಅದರಿಂದ ಕಣ್ಣಿನ ಆಳ ಮುಚ್ಚಿಹೋಗಿದೆ. ಹಾಗೆಯೇ ಕಣ್ಣು ಸ್ಪಷ್ಟವಾದ ಚಿತ್ರದಲ್ಲಿ ಮುಂಗಾಲುಗಳು ಮಸುಕು. ಎರಡನ್ನೂ ಸರಿಪಡಿಸಲಾದೀತೇ?

ಉತ್ತರ 2 ಬರೆದವರಿಂದ

ಓದಿ ಬಹಳ ಸಂತೋಷವಾಯಿತು. ನಲವತ್ತಮೂರರಲ್ಲಿ ಎರಡು ಎಂಬುದು ಕೈಯಲ್ಲಿ ಹಿಡಿದು ತೆಗೆದ ಚಿತ್ರಗಳಿಗೆ ಒಳ್ಳೆಯ ಫಲವೇ.

ಆ ಚೌಕ ನಿಮ್ಮ ಹಾಳೆಯದೇ ಪ್ರತಿಬಿಂಬ. ಜಿಗಿಯುವ ಜೇಡದ ಆ ಎರಡು ಕಣ್ಣುಗಳು ನಯವಾದ ಗುಂಡು ಮೇಲ್ಮೈಯವಾದ್ದರಿಂದ ಎದುರಿನಲ್ಲಿರುವ ಬೆಳ್ಳನೆಯದೆಲ್ಲ ಅವುಗಳಲ್ಲಿ ಮೂಡುತ್ತದೆ. ಹಾಳೆಯನ್ನು ಮುಂದಿನಿಂದ ತೆಗೆದು ಜೇಡದ ತಲೆಯ ಮೇಲ್ಗಡೆಗೆ, ತುಸು ಹಿಂದಕ್ಕೆ ಬಾಗಿದಂತೆ ಒಯ್ಯಿರಿ. ಹೊಳಪು ಕಣ್ಣಿನ ಮೇಲಂಚಿಗೆ ಸರಿದು ಕಿರಿದಾದ ಬಿಲ್ಲಿನಂತಾಗುತ್ತದೆ, ಕೆಳಗಿನ ಕಪ್ಪು ತೆರೆದುಕೊಳ್ಳುತ್ತದೆ. ಹಾಳೆಯ ಮೂಲೆಗಳನ್ನು ದುಂಡಗೆ ಕತ್ತರಿಸಿಕೊಂಡರೆ ಆ ಹೊಳಪಿನ ಆಕಾರವೂ ಸಹಜವಾಗುತ್ತದೆ. ಹೊಳಪನ್ನು ಪೂರ್ತಿ ಇಲ್ಲವಾಗಿಸಬೇಡಿ, ಅದಿಲ್ಲದಿದ್ದರೆ ಕಣ್ಣು ಬರಿಯ ಕಪ್ಪು ಮಣಿಯಂತೆ ಕಾಣುತ್ತದೆ.

ಮುಂಗಾಲುಗಳ ವಿಷಯದಲ್ಲಿ, ಈ ಹಿಗ್ಗುವಿಕೆಯಲ್ಲಿ ಸ್ಪಷ್ಟವಾಗಿ ಕಾಣುವ ಆಳ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ನೀವು ಮುಂದಕ್ಕೆ ವಾಲುತ್ತಾ ತೆಗೆದ ಆ ಸಾಲಿನಲ್ಲಿ ಜೇಡ ಅಲುಗದೆ ಇದ್ದಿದ್ದರೆ, ಕಾಲು ಸ್ಪಷ್ಟವಾದ ಚಿತ್ರವನ್ನೂ ಕಣ್ಣು ಸ್ಪಷ್ಟವಾದ ಚಿತ್ರವನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಬೆಸೆಯಬಹುದು. ಫೋಕಸ್ ಸ್ಟ್ಯಾಕಿಂಗ್ ಎಂದರೆ ಇದೇ. ಪೋರ್ಟ್ರೇಟ್ ಸ್ಥಿತಿಯನ್ನು ಇದಕ್ಕಾಗಿ ಬಳಸಬೇಡಿ, ಅದು ಮಸುಕನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ, ರೋಮಗಳ ಅಂಚನ್ನೂ ಕತ್ತರಿಸುತ್ತದೆ. ಕಂಪ್ಯೂಟರಿನ ಕೆಲಸ ಬೇಡವೆಂದಾದರೆ ಜೇಡ ಕಾಲುಗಳನ್ನು ಮುಖದ ಪಕ್ಕಕ್ಕೆ ಮಡಚಿಕೊಂಡು ಕೂರುವವರೆಗೆ ಕಾಯಿರಿ. ಆಗ ಕಾಲು ಮತ್ತು ಕಣ್ಣು ಒಂದೇ ಸಮತಲಕ್ಕೆ ಬರುತ್ತವೆ. ದಿನವೂ ಒಂದೇ ಜಾಗಕ್ಕೆ ಬರುವ ಜೇಡವಾದ್ದರಿಂದ ನಾಳೆ ಬೆಳಿಗ್ಗೆಯೂ ಅದು ಅಲ್ಲೇ ಸಿಗುವ ಸಾಧ್ಯತೆ ಹೆಚ್ಚು. ಹಾಳೆಯನ್ನು ಅದು ಬರುವ ಮೊದಲೇ ಗೋಡೆಗೆ ಅಂಟಿಸಿಟ್ಟರೆ ನಿಮ್ಮ ಎರಡೂ ಕೈಗಳು ಫೋನಿಗೆ ಉಳಿಯುತ್ತವೆ.